ನೆಲದಡಿಯ ಗಣಿಯಲ್ಲಿ ರಾಕ್ ಬೋಲ್ಟ್: ಬಂಡೆಯನ್ನು ಓದುವುದರಿಂದ ಬೋಲ್ಟನ್ನು ಎಳೆದು ನೋಡುವವರೆಗೆ

ಸುಮಾರು 500 ಮೀಟರ್ ಆಳದ ಗಣಿಸುರಂಗವೊಂದರಲ್ಲಿ ಚಾವಣಿಯ ಪ್ರತಿ ಚದರ ಮೀಟರಿನ ನೇರ ಮೇಲಿರುವ ಬಂಡೆಯ ತೂಕ 1,350 ಟನ್ನಿನಷ್ಟಾಗುತ್ತದೆ. ಒಂದು ಘನ ಮೀಟರ್ ಬಂಡೆ 2.7 ಟನ್ ತೂಗುತ್ತದೆ ಎಂದು ಹಿಡಿದರೆ ಬರುವ ಲೆಕ್ಕ ಇದು. ಅಷ್ಟು ಭಾರವನ್ನು ಹೊರುವ ಕಂಬವನ್ನು ಸುರಂಗದೊಳಗೆ ನಿಲ್ಲಿಸುವುದು ಸಾಧ್ಯವಿಲ್ಲ, ನಿಲ್ಲಿಸುವ ಅಗತ್ಯವೂ ಇಲ್ಲ. ಸುರಂಗವನ್ನು ಕೊರೆದಾಗ ಆ ಭಾರವು ತೆರವಾದ ಜಾಗದ ಎರಡೂ ಬದಿಗೆ ಸರಿದು, ಸುತ್ತಲಿನ ಬಂಡೆಯೊಳಗೆ ಕಮಾನು ಕಟ್ಟಿಕೊಂಡು ಕೆಳಗಿಳಿಯುತ್ತದೆ. ಅಪಾಯವಿರುವುದು ಆ ಕಮಾನಿನ ಒಳಗಡೆ, ಅಂದರೆ ಸ್ಫೋಟಕ್ಕೆ ಅದುರಿ, ತನ್ನನ್ನು ಬಿಗಿದಿದ್ದ ಒತ್ತಡವನ್ನು ಕಳೆದುಕೊಂಡು, ಬಿರುಕುಗಳ ಗುಂಟ ಸಡಿಲಗೊಂಡ ಒಂದೆರಡು ಮೀಟರ್ ದಪ್ಪದ ಬಂಡೆಯಲ್ಲಿ. ಬಂಡೆಯಲ್ಲಿ ಕೊರೆದ ರಂಧ್ರದೊಳಗೆ ಕೂರಿಸುವ ಉಕ್ಕಿನ ಸರಳು ಅಥವಾ ಕೊಳವೆಯಾದ ರಾಕ್ ಬೋಲ್ಟಿನ ವ್ಯವಹಾರವೆಲ್ಲ ಈ ಸಡಿಲ ಭಾಗದೊಂದಿಗೆ. ಅದು ಬಂಡೆಯನ್ನು ಕೆಳಗಿನಿಂದ ಎತ್ತಿ ಹಿಡಿಯುವ ಆಸರೆಯಲ್ಲ. ಬಂಡೆಯೊಳಗೆ ಸೇರಿಕೊಂಡು, ಬಿರುಕು ಬಿಟ್ಟ ತುಂಡುಗಳು ಒಂದಕ್ಕೊಂದು ಆತುಕೊಳ್ಳುವಂತೆ ಮಾಡುವ ಹೊಲಿಗೆ. ಹೊಲಿಗೆ ನಿಲ್ಲುವುದು ದಾರ ಎಷ್ಟು ಗಟ್ಟಿ ಎಂಬುದಕ್ಕಿಂತ ಅದು ಬಟ್ಟೆಯನ್ನು ಎಷ್ಟು ಚೆನ್ನಾಗಿ ಹಿಡಿದಿದೆ ಎಂಬುದರಿಂದ. ಮುಂದೆ ಹೇಳುವ ಪ್ರತಿಯೊಂದು ಹಂತದಲ್ಲೂ ಈ ಹಿಡಿತವೇ ಮುಖ್ಯ ಪ್ರಶ್ನೆ.

ಬೋಲ್ಟ್ ಕೆಲಸ ಮಾಡುವ ರೀತಿ ಎಲ್ಲ ಕಡೆ ಒಂದೇ ಅಲ್ಲ. ಮೇಲೆ ಗಟ್ಟಿ ಪದರವಿದ್ದು ಕೆಳಗೆ ತೆಳುವಾದ ಸಡಿಲ ಪದರವಿದ್ದರೆ, ಬೋಲ್ಟ್ ಕೆಳಗಿನದನ್ನು ಮೇಲಿನದಕ್ಕೆ ತೂಗುಹಾಕುತ್ತದೆ. ಕಲ್ಲಿದ್ದಲ ಗಣಿಗಳ ಚಾವಣಿಯಂತೆ ಹಾಳೆ ಹಾಳೆಯಾಗಿ ಪದರಗಳಿರುವಲ್ಲಿ, ಅವುಗಳನ್ನು ಬಿಗಿದು ಒಂದರ ಮೇಲೊಂದು ಜಾರದಂತೆ ತಡೆದು ಒಂದೇ ದಪ್ಪ ತೊಲೆಯನ್ನಾಗಿ ಮಾಡುತ್ತದೆ. ಹಲವು ದಿಕ್ಕಿನ ಬಿರುಕುಗಳಿಂದ ತುಂಡುತುಂಡಾದ ಬಂಡೆಯಲ್ಲಿ ನಡೆಯುವುದು ಇನ್ನೂ ಸ್ವಾರಸ್ಯದ ಸಂಗತಿ. ಆಸ್ಟ್ರೇಲಿಯದ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆಯಲ್ಲಿ ಕೆಲಸ ಮಾಡಿದ ಎಂಜಿನಿಯರ್ ಟಾಮ್ ಲ್ಯಾಂಗ್ ಇದನ್ನು ಒಂದು ಬಕೆಟ್ಟಿನಲ್ಲಿ ತೋರಿಸಿದರು. ಬಕೆಟ್ಟಿಗೆ ಜಲ್ಲಿ ತುಂಬಿ, ಅದರಲ್ಲಿ ಪುಟ್ಟ ಬೋಲ್ಟುಗಳನ್ನು ಹತ್ತಿರ ಹತ್ತಿರ ಹೂಳಿ, ಬಿಗಿದು, ಬಕೆಟ್ಟನ್ನು ಬೋರಲು ಹಾಕಿದರೆ ಜಲ್ಲಿ ಕೆಳಗೆ ಸುರಿಯುವುದಿಲ್ಲ. ಅಲ್ಲಿ ಜಲ್ಲಿಯನ್ನು ತೂಗುಹಾಕಲು ಮೇಲೆ ಗಟ್ಟಿ ಬಂಡೆಯೇನೂ ಇರಲಿಲ್ಲ. ಬೋಲ್ಟುಗಳ ಬಿಗಿತಕ್ಕೆ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ತಾವೇ ಕಮಾನಾದವು, ಅಷ್ಟೇ. ಆದರೆ ಬೋಲ್ಟುಗಳ ನಡುವಿನ ಅಂತರ ಕಲ್ಲಿನ ಗಾತ್ರಕ್ಕೆ ಹೋಲಿಸಿದರೆ ಹೆಚ್ಚಾದಾಗ ಇದು ನಡೆಯುವುದಿಲ್ಲ ಎಂಬುದನ್ನೂ ಅದೇ ಬಕೆಟ್ ಕಲಿಸುತ್ತದೆ.

ಮೊದಲು ಬಂಡೆಯನ್ನು ಓದುವುದು

ಸ್ಫೋಟದ ಹೊಗೆ ಹೊರಗೆ ಹೋಗಿ, ಪ್ರವೇಶಕ್ಕೆ ಅನುಮತಿ ದೊರೆತ ಮೇಲೆ, ಕೊರೆಯುವ ಯಂತ್ರವನ್ನು ತರುವ ಮುನ್ನ ಚಾವಣಿಯನ್ನೂ ಪಕ್ಕಗೋಡೆಗಳನ್ನೂ ನೀರಿನಿಂದ ತೊಳೆಯಬೇಕು. ಧೂಳು ಮೆತ್ತಿದ ಬಂಡೆಯಲ್ಲಿ ಬಿರುಕು ಕಾಣುವುದಿಲ್ಲ, ಸಿಡಿಯದೆ ಉಳಿದ ಮದ್ದೂ ಕಾಣುವುದಿಲ್ಲ. ತೊಳೆದ ಮೇಲೆ ನೋಡಬೇಕಾದದ್ದು ಬಿರುಕುಗಳ ದಿಕ್ಕು, ಅವು ಎಷ್ಟು ಗುಂಪುಗಳಲ್ಲಿವೆ ಎಂಬುದು, ಒಂದರಿಂದ ಇನ್ನೊಂದಕ್ಕಿರುವ ದೂರ, ಅವುಗಳ ಮೈ ಒರಟಾಗಿದೆಯೋ ನುಣುಪಾಗಿದೆಯೋ, ನಡುವೆ ಜೇಡಿಯಂಥ ಮೆದುವಸ್ತು ಇದೆಯೋ, ನೀರು ಜಿನುಗುತ್ತಿದೆಯೋ ಎಂಬುದು. ಒಂದೇ ಗುಂಪಿನ ಬಿರುಕುಗಳಿರುವ ಬಂಡೆ ಸಾಮಾನ್ಯವಾಗಿ ಹಲಗೆಗಳಂತೆ ಬಾಗುತ್ತದೆಯೇ ಹೊರತು ತುಂಡಾಗಿ ಬೀಳಲು ತಡಮಾಡುತ್ತದೆ. ಮೂರು ಗುಂಪುಗಳು ಸಂಧಿಸುವಲ್ಲಿ ಮಾತ್ರ ಬೆಣೆಯಾಕಾರದ ಪೂರ್ಣ ಬಿಡಿಯಾದ ತುಂಡು ಹುಟ್ಟುತ್ತದೆ, ಮತ್ತು ಚಾವಣಿಯಲ್ಲಿ ಅದರ ಅಗಲವಾದ ಮುಖ ಕೆಳಗಿದ್ದು ಚೂಪು ಮೇಲಿದ್ದರೆ ಅದು ಬೀಳಲು ಯಾವ ಅಡ್ಡಿಯೂ ಇರುವುದಿಲ್ಲ. ನುಣುಪಾದ, ಜೇಡಿ ತುಂಬಿದ, ಒದ್ದೆಯಾದ ಒಂದೇ ಒಂದು ಸೀಳು ಉಳಿದೆಲ್ಲ ಒಳ್ಳೆಯ ಲಕ್ಷಣಗಳನ್ನೂ ಅಳಿಸಿಹಾಕಬಲ್ಲದು.

ಈ ಅವಲೋಕನವನ್ನು ಅಂಕಿಗಳಿಗೆ ಇಳಿಸುವ ಪದ್ಧತಿಗಳಿವೆ. ಕೊರೆದು ತೆಗೆದ ಕೋರ್ ಎಂಬ ಉರುಳೆಯಾಕಾರದ ಬಂಡೆಯ ಮಾದರಿಯಲ್ಲಿ 10 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದವಾದ ತುಂಡುಗಳ ಒಟ್ಟು ಉದ್ದವು ಕೊರೆದ ಉದ್ದದ ಶೇಕಡಾ ಎಷ್ಟು ಎಂದು ಹೇಳುವ ಆರ್‌ಕ್ಯೂಡಿ ಅಳತೆಯನ್ನು 1960ರ ದಶಕದಲ್ಲಿ ಡಾನ್ ಡೀರ್ ರೂಪಿಸಿದರು. ಅದನ್ನೇ ಒಂದು ಅಂಶವಾಗಿ ಸೇರಿಸಿಕೊಂಡು, ಬಿರುಕುಗಳ ಸಂಖ್ಯೆ, ಒರಟುತನ, ಒಳತುಂಬುವಿಕೆ, ನೀರು, ಒತ್ತಡ ಇವೆಲ್ಲವನ್ನೂ ಗುಣಿಸಿ ಭಾಗಿಸಿ ಒಂದು ಅಂಕಿಗೆ ತರುವ ಕ್ಯೂ ಪದ್ಧತಿಯನ್ನು 1974ರಲ್ಲಿ ನಾರ್ವೆಯಲ್ಲಿ ಕೆಲಸ ಮಾಡುತ್ತಿದ್ದ ಬಾರ್ಟನ್, ಲೀನ್ ಮತ್ತು ಲುಂಡೆ ಪ್ರಕಟಿಸಿದರು. ಬಿಯೆನಿಯಾವ್‌ಸ್ಕಿ ರೂಪಿಸಿದ, 100ರವರೆಗೆ ಅಂಕ ನೀಡುವ ಆರ್‌ಎಂಆರ್ ಪದ್ಧತಿಯೂ ಅಷ್ಟೇ ಬಳಕೆಯಲ್ಲಿದೆ. ಇವು ಇಡೀ ಸುರಂಗಕ್ಕೆ ಯಾವ ಮಟ್ಟದ ಆಧಾರ ಬೇಕು ಎಂದು ನಿರ್ಧರಿಸಲು ನೆರವಾಗುತ್ತವೆ. ಆದರೆ ಸರಾಸರಿಯ ಅಂಕಿಯೊಂದು ನಮ್ಮ ತಲೆಯ ಮೇಲೇ ನಿಂತಿರುವ ನಿರ್ದಿಷ್ಟ ಬೆಣೆಯನ್ನು ತೋರಿಸಲಾರದು. ಅಂಕ ಎಷ್ಟೇ ಚೆನ್ನಾಗಿದ್ದರೂ ಬಿರುಕುಗಳು ಎಲ್ಲಿ ಕೂಡುತ್ತವೆ ಎಂದು ಪ್ರತಿ ಸ್ಫೋಟದ ನಂತರ ಕಣ್ಣಿಂದ ನೋಡುವ ಕೆಲಸವನ್ನು ಬಿಡುವಂತಿಲ್ಲ.

ಸಡಿಲ ಕಲ್ಲನ್ನು ಕೆಡಹುವುದು

ಬೋಲ್ಟ್ ಹಾಕುವವನ ಮೊದಲ ಉಪಕರಣ ಉದ್ದನೆಯ ಹಾರೆ. ಹಾರೆಯ ತುದಿಯಿಂದ ಬಂಡೆಯನ್ನು ತಟ್ಟಿದಾಗ ಗಟ್ಟಿ ಬಂಡೆ ಖಣಿಲೆಂದು ಮೊಳಗುತ್ತದೆ. ಹಿಂದೆ ಬಿರುಕು ಬಿಟ್ಟು ಪ್ರತ್ಯೇಕವಾಗಿರುವ ತುಂಡು ಟೊಳ್ಳು ಡೋಲಿನಂತೆ ಮಂದವಾಗಿ ಸದ್ದು ಮಾಡುತ್ತದೆ. ಕೆಡಹುವ ಕೆಲಸವನ್ನು ಈಗಾಗಲೇ ಬೋಲ್ಟ್ ಹಾಕಿ ಭದ್ರಪಡಿಸಿದ ಚಾವಣಿಯ ಕೆಳಗೆ ನಿಂತು ಆರಂಭಿಸಿ, ಒಳ್ಳೆಯ ನೆಲದಿಂದ ಕೆಟ್ಟ ನೆಲದ ಕಡೆಗೆ ಮುಂದುವರಿಯಬೇಕು. ಹಿಂದೆ ಸರಿಯುವ ದಾರಿಯಲ್ಲಿ ಕಲ್ಲು, ಪೈಪು, ಕೇಬಲ್ ಯಾವುದೂ ಕಾಲಿಗೆ ತೊಡರಬಾರದು. ಹಾರೆಯನ್ನು ದೇಹದ ಮುಂದೆ ಅಲ್ಲದೆ ಪಕ್ಕದಲ್ಲಿ ಹಿಡಿಯಬೇಕು, ಮತ್ತು ಅದು ಕಡಿದಾಗಿ ಮೇಲಕ್ಕೆ ನಿಲ್ಲದಂತೆ ಓರೆಯಾಗಿರಬೇಕು. ಇಲ್ಲವಾದರೆ ಕಳಚಿದ ಕಲ್ಲು ಹಾರೆಯ ಗುಂಟವೇ ಜಾರಿ ಕೈಗೆ ಬರುತ್ತದೆ. ಒಬ್ಬರು ಕೆಡಹುವಾಗ ಇನ್ನೊಬ್ಬರು ಹಿಂದೆ ನಿಂತು ಬೆಳಕು ಬಿಟ್ಟು ಚಾವಣಿಯನ್ನು ಗಮನಿಸುವುದು ಒಳ್ಳೆಯ ಪದ್ಧತಿ. ಎತ್ತರದ ಸುರಂಗಗಳಲ್ಲಿ ಈ ಕೆಲಸವನ್ನು ಯಂತ್ರಕ್ಕೆ ಬಿಡುವುದೇ ಸರಿ.

ಎಷ್ಟು ಕೆಡಹಬೇಕು ಎಂಬುದು ವಿವೇಚನೆಯ ವಿಷಯ. ತಟ್ಟಿದಷ್ಟೂ ಬೀಳುತ್ತಿದೆ ಎಂದಾದರೆ ಅಲ್ಲಿ ಹಾರೆಯ ಕೆಲಸ ಮುಗಿದು ಜಾಲರಿ ಅಥವಾ ಬಂಡೆಗೆ ಸಿಂಪಡಿಸುವ ಕಾಂಕ್ರೀಟಾದ ಶಾಟ್‌ಕ್ರೀಟಿನ ಕೆಲಸ ಶುರುವಾಗಿದೆ ಎಂದರ್ಥ. ಇಲ್ಲೇ ಒಂದು ಮಾತು: ಸುರಂಗದ ಅಂಚಿನ ರಂಧ್ರಗಳನ್ನು ಹತ್ತಿರ ಹತ್ತಿರ ಕೊರೆದು, ಅವುಗಳಲ್ಲಿ ಕಡಿಮೆ ಮದ್ದು ತುಂಬಿ ಅಂಚನ್ನು ನಯವಾಗಿ ಒಡೆಯುವ ಗಣಿಯು ಬೋಲ್ಟಿಗೂ ಜಾಲರಿಗೂ ಮಾಡುವ ಖರ್ಚು ಕಡಿಮೆಯಾಗುತ್ತದೆ. ಮದ್ದು ಹೆಚ್ಚಾಗಿ ಹಾಳಾದ ಬಂಡೆಯನ್ನು ಬೋಲ್ಟಿನಿಂದ ಸರಿಪಡಿಸಹೊರಡುವುದು ಹರಿದ ಮೇಲೆ ಹೊಲಿಯುವ ಕೆಲಸ.

ಯಾವ ಬೋಲ್ಟ್

ಹಿಡಿತ ಎಲ್ಲಿಂದ ಬರುತ್ತದೆ ಎಂಬುದನ್ನು ಆಧರಿಸಿ ಬೋಲ್ಟುಗಳನ್ನು ಗುರುತಿಸುವುದು ಸುಲಭ. ಎಕ್ಸ್‌ಪ್ಯಾನ್ಶನ್ ಶೆಲ್ ಬೋಲ್ಟಿನ ತುದಿಯಲ್ಲಿ ಬೆಣೆಯೊಂದೂ ಅದರ ಸುತ್ತ ಶೆಲ್ ಎಂಬ ಚಿಪ್ಪೂ ಇದ್ದು, ಬೋಲ್ಟನ್ನು ತಿರುಗಿಸಿದಾಗ ಚಿಪ್ಪಿನ ಎಲೆಗಳು ಅರಳಿ ರಂಧ್ರದ ಗೋಡೆಯನ್ನು ಕಚ್ಚುತ್ತವೆ. ಹಾಕಿದ ಕೂಡಲೇ ಬಿಗಿತ ದೊರೆಯುತ್ತದೆ. ಆದರೆ ಹಿಡಿತವೆಲ್ಲ ತುದಿಯ ಒಂದು ಬಿಂದುವಿನಲ್ಲಿ ಮತ್ತು ತಲೆಯಲ್ಲಿ ಬಂಡೆಗೆ ಒತ್ತಿ ಕೂರುವ ಉಕ್ಕಿನ ಪ್ಲೇಟಿನಲ್ಲಿ ಮಾತ್ರ ಇರುವುದರಿಂದ, ಮೆದು ಬಂಡೆಯಲ್ಲಿ ಶೆಲ್ ಜಾರುತ್ತದೆ, ಹತ್ತಿರದ ಸ್ಫೋಟದ ಅದುರಿಗೆ ಸಡಿಲವಾಗುತ್ತದೆ, ಪ್ಲೇಟಿನ ಕೆಳಗಿನ ಕಲ್ಲು ಉದುರಿದರೆ ಇಡೀ ಬೋಲ್ಟ್ ವ್ಯರ್ಥವಾಗುತ್ತದೆ.

ಸ್ಪ್ಲಿಟ್ ಸೆಟ್ ಎಂದು ಎಲ್ಲರೂ ಕರೆಯುವ ಘರ್ಷಣೆಯ ಬೋಲ್ಟ್ ಉದ್ದಕ್ಕೂ ಸೀಳಿರುವ ಉಕ್ಕಿನ ಕೊಳವೆ; ಇದನ್ನು 1970ರ ದಶಕದಲ್ಲಿ ಜೇಮ್ಸ್ ಸ್ಕಾಟ್ ರೂಪಿಸಿದರು. ತನಗಿಂತ ಕಿರಿದಾದ ರಂಧ್ರದೊಳಗೆ ಅದನ್ನು ಬಡಿದು ತೂರಿಸಿದಾಗ ಕೊಳವೆ ಮುದುಡಿಕೊಂಡು, ಮತ್ತೆ ಅರಳಲು ಹವಣಿಸುತ್ತ, ಇಡೀ ಉದ್ದಕ್ಕೂ ಗೋಡೆಯನ್ನು ಒತ್ತುತ್ತದೆ. ಹಾಕುವುದು ಬಲು ಬೇಗ, ಹಿಡಿತವೂ ತಕ್ಷಣ. ಬಂಡೆ ಸರಿದಾಗ ಮುರಿಯದೆ ಸ್ವಲ್ಪ ಜಾರಿಕೊಡುವ ಗುಣವೂ ಇದೆ. ಆದರೆ ಹಿಡಿತ ಕಡಿಮೆ, ಕೊಳವೆಯ ಉಕ್ಕು ತೆಳು, ಒಳಗೂ ಹೊರಗೂ ತುಕ್ಕು ಹಿಡಿಯಲು ಅವಕಾಶ. ಸ್ವೆಲೆಕ್ಸ್ ಬಗೆಯದು ಮಡಿಸಿ ಮುಚ್ಚಿದ ಕೊಳವೆ. ರಂಧ್ರದೊಳಗಿಟ್ಟು ಸುಮಾರು 300 ಬಾರ್ ಒತ್ತಡದ ನೀರನ್ನು ತುಂಬಿದರೆ ಮಡಿಕೆ ಬಿಚ್ಚಿಕೊಂಡು ರಂಧ್ರದ ಉಬ್ಬುತಗ್ಗುಗಳಿಗೆಲ್ಲ ಹೊಂದಿಕೊಂಡು ಕೂರುತ್ತದೆ. ರಂಧ್ರದ ವ್ಯಾಸದಲ್ಲಿ ಚೂರು ಹೆಚ್ಚುಕಡಿಮೆಯಾದರೂ ಇದು ಸಹಿಸುತ್ತದೆ.

ಉಬ್ಬುಗೆರೆಗಳಿರುವ ಉಕ್ಕಿನ ಸರಳನ್ನು ರೆಸಿನ್ ಎಂಬ ಅಂಟಿನಲ್ಲಿ ಅಥವಾ ಸಿಮೆಂಟ್ ಗ್ರೌಟಿನಲ್ಲಿ, ಅಂದರೆ ನೀರು ಬೆರೆಸಿದ ಸಿಮೆಂಟಿನ ಸರಿಯಲ್ಲಿ, ಪೂರ್ತಿ ಹೂಳುವ ಬೋಲ್ಟ್ ಎಲ್ಲಕ್ಕಿಂತ ಬಿಗಿಯಾದುದು, ದೀರ್ಘಕಾಲ ಬಾಳುವಂಥದು. ಅನೇಕ ವರ್ಷ ಬಳಕೆಯಲ್ಲಿರಬೇಕಾದ ಇಳಿಜಾರು ದಾರಿ, ಪಂಪ್ ಕೋಣೆ, ಕಾರ್ಯಾಗಾರ ಮುಂತಾದ ಕಡೆ ಇದನ್ನೇ ಆರಿಸಿಕೊಳ್ಳಬೇಕು. ಕೆಲವೇ ತಿಂಗಳು ಬೇಕಾದ ಅದಿರಿನ ದಾರಿಗೆ ಘರ್ಷಣೆಯ ಬೋಲ್ಟ್ ಸಾಕಾಗಬಹುದು. ಅಗಲವಾದ ಅದಿರು ಕೋಣೆಗಳಲ್ಲಿಯೂ ದಾರಿಗಳು ಕೂಡುವಲ್ಲಿಯೂ ಎರಡು ಮೂರು ಮೀಟರಿನ ಸರಳು ಸಾಲುವುದಿಲ್ಲ. ಅಲ್ಲಿ ಏಳು ಎಳೆಗಳ, ಸಾಮಾನ್ಯವಾಗಿ 15.2 ಮಿ.ಮೀ. ವ್ಯಾಸದ ಉಕ್ಕಿನ ಹಗ್ಗವನ್ನು ಆಳವಾದ ರಂಧ್ರಗಳಲ್ಲಿ ಸಿಮೆಂಟಿನಿಂದ ಹೂಳುವ ಕೇಬಲ್ ಬೋಲ್ಟುಗಳು ಬೇಕು. ಅಂಥ ಒಂದು ಹಗ್ಗ ಸುಮಾರು 25 ಟನ್ ಎಳೆತವನ್ನು ತಡೆಯುತ್ತದೆ.

ಬಂಡೆ ಸಿಡಿಯುವ ಆಳದ ಗಣಿಗಳಲ್ಲಿ ಮಾತ್ರ ಬಿಗಿತವೇ ದೋಷವಾಗುತ್ತದೆ. ಒಂದು ಮೀಟರ್ ದಪ್ಪದ ಬಂಡೆ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಚಿಮ್ಮಿತೆಂದುಕೊಳ್ಳೋಣ. ಪ್ರತಿ ಚದರ ಮೀಟರಿಗೆ 2,700 ಕಿಲೋ ತೂಕದ ಆ ಬಂಡೆಯ ಚಲನಶಕ್ತಿ ಸುಮಾರು 12 ಕಿಲೋಜೂಲ್; ಚಾವಣಿಯಿಂದಾದರೆ ಬೀಳುವ ದೂರದ ಲೆಕ್ಕ ಇನ್ನೂ ಸೇರುತ್ತದೆ. ಪೂರ್ತಿ ಹೂತ ಸರಳು ಬಿರುಕು ತೆರೆದ ಒಂದೇ ಜಾಗದಲ್ಲಿ ಕೆಲವು ಸೆಂಟಿಮೀಟರ್ ಮಾತ್ರ ಹಿಗ್ಗಿ ತುಂಡಾಗುತ್ತದೆ. ಇಂಥಲ್ಲಿ ಬಲವನ್ನು ಬಿಡದೆ ಹಿಗ್ಗುವ ಅಥವಾ ಗ್ರೌಟಿನೊಳಗೆ ಉಜ್ಜಿಕೊಂಡು ಸರಿಯುವ ಸಿಡಿತ-ಸಹಿಷ್ಣು ಬೋಲ್ಟುಗಳನ್ನೇ ಬಳಸಬೇಕು.

ಉದ್ದ ಮತ್ತು ಅಂತರದ ಲೆಕ್ಕ

ವಿವರವಾದ ವಿನ್ಯಾಸವನ್ನು ಭೂತಂತ್ರಜ್ಞರು ಮಾಡುತ್ತಾರೆ. ಅದನ್ನು ಅರ್ಥಮಾಡಿಕೊಳ್ಳಲು, ಎಲ್ಲಾದರೂ ತಪ್ಪಿದ್ದರೆ ಹಿಡಿಯಲು, ಕೆಲವು ಹಳೆಯ ಹೆಬ್ಬೆರಳ ನಿಯಮಗಳು ಸಾಕು. ಬೋಲ್ಟಿನ ಉದ್ದವು ಎರಡು ಬೋಲ್ಟುಗಳ ನಡುವಿನ ಅಂತರದ ಎರಡರಷ್ಟಾದರೂ ಇರಬೇಕು. ಬಿರುಕುಗಳಿಂದಾದ ತುಂಡುಗಳ ಅಗಲದ ಮೂರರಷ್ಟಾದರೂ ಇರಬೇಕು. 6 ಮೀಟರಿಗಿಂತ ಕಿರಿದಾದ ಸುರಂಗದಲ್ಲಿ ಅಗಲದ ಅರ್ಧದಷ್ಟಾದರೂ ಇರಬೇಕು. ಈ ಮೂರರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಬೇಕು. ಅಂತರವು ಉದ್ದದ ಅರ್ಧವನ್ನೂ ತುಂಡಿನ ಅಗಲದ ಒಂದೂವರೆ ಪಾಲನ್ನೂ ಮೀರಬಾರದು.

ಉದಾಹರಣೆಗೆ, 4.8 ಮೀಟರ್ ಅಗಲದ ಸುರಂಗಕ್ಕೆ 2.4 ಮೀಟರ್ ಉದ್ದದ ಬೋಲ್ಟುಗಳನ್ನು ಎರಡೂ ದಿಕ್ಕಿನಲ್ಲಿ 1.2 ಮೀಟರ್ ಅಂತರದಲ್ಲಿ ಹಾಕುತ್ತೇವೆ. ಚಾವಣಿಯಲ್ಲಿ 1 ಮೀಟರ್ ದಪ್ಪದ ಬಂಡೆ ಸಡಿಲವಾಗಿದೆ ಎಂದು ಕೊಳ್ಳೋಣ. ಒಂದೊಂದು ಬೋಲ್ಟಿನ ಪಾಲಿಗೆ ಬರುವುದು 1.2 ಗುಣಿಲೆ 1.2 ಗುಣಿಲೆ 1 ಗುಣಿಲೆ 2.7, ಅಂದರೆ ಸುಮಾರು 3.9 ಟನ್. 500 ಮೆಗಾಪಾಸ್ಕಲ್ ಎಳೆತದವರೆಗೆ ಶಾಶ್ವತವಾಗಿ ಹಿಗ್ಗದ 20 ಮಿ.ಮೀ. ಸರಳಿನ ಅಡ್ಡಕೊಯ್ತ 314 ಚದರ ಮಿ.ಮೀ.; ಅದರ ಬಲ 157 ಕಿಲೋನ್ಯೂಟನ್, ಅಂದರೆ 16 ಟನ್ನಿನಷ್ಟು. ಭಾರಕ್ಕೆ ನಾಲ್ಕು ಪಟ್ಟು ಬಲವಿದೆ, ಉಕ್ಕಿನ ವಿಷಯದಲ್ಲಿ ಚಿಂತೆಯಿಲ್ಲ. ಈಗ ಅದೇ ಉದ್ದ, ಅದೇ ಅಂತರವಿಟ್ಟು ಘರ್ಷಣೆಯ ಬೋಲ್ಟ್ ಹಾಕಿದ್ದೇವೆ, ಎಳೆದು ನೋಡಿದಾಗ ಮೀಟರಿಗೆ 3 ಟನ್ ಹಿಡಿತ ಸಿಕ್ಕಿದೆ ಎನ್ನೋಣ. 2.4 ಮೀಟರಿನಲ್ಲಿ 10 ಸೆಂಟಿಮೀಟರ್ ಹೊರಗುಳಿಯುತ್ತದೆ, 1 ಮೀಟರ್ ಸಡಿಲ ಬಂಡೆಯಲ್ಲೇ ಇರುತ್ತದೆ, ಗಟ್ಟಿ ಬಂಡೆಯಲ್ಲಿ ಉಳಿಯುವುದು 1.3 ಮೀಟರ್, ಹಿಡಿತ 3.9 ಟನ್. ಭಾರವೂ ಅಷ್ಟೇ! ನಕ್ಷೆಯಲ್ಲಿ ಎರಡೂ ಸುರಂಗಗಳು ಒಂದೇ ತೆರನಾಗಿ ಕಾಣುತ್ತವೆ, ಆದರೆ ಒಂದರಲ್ಲಿ ನಾಲ್ಕು ಪಟ್ಟು ಭದ್ರತೆ ಇದೆ, ಇನ್ನೊಂದರಲ್ಲಿ ಏನೂ ಇಲ್ಲ. ಬೋಲ್ಟಿನ ಒಟ್ಟು ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಗಟ್ಟಿ ಬಂಡೆಯೊಳಗೆ ಉಳಿಯುವ ಉದ್ದವನ್ನು ಮಾತ್ರ ಪರಿಗಣಿಸಬೇಕು ಎಂದು ಹೇಳುವುದು ಇದಕ್ಕೇ.

ತುಂಡುಗಳು ಚಿಕ್ಕವಾಗಿದ್ದಾಗ ಅಂತರದ ನಿಯಮ ಬೇರೊಂದು ಕಡೆಗೆ ಕೊಂಡೊಯ್ಯುತ್ತದೆ. ಬಿರುಕುಗಳು ಅರ್ಧ ಮೀಟರಿಗೊಂದರಂತೆ ಇದ್ದರೆ ಬೋಲ್ಟುಗಳ ಅಂತರ 75 ಸೆಂಟಿಮೀಟರ್ ಮೀರಬಾರದು. ಅಷ್ಟು ಒತ್ತಾಗಿ ಬೋಲ್ಟ್ ಹಾಕುವುದಕ್ಕಿಂತ ಅಂತರವನ್ನು ತುಸು ಹೆಚ್ಚಿಸಿ ನಡುವಿನ ಕಲ್ಲುಗಳನ್ನು ಜಾಲರಿಯಿಂದಲೋ ಶಾಟ್‌ಕ್ರೀಟಿನಿಂದಲೋ ಹಿಡಿಯುವುದು ಸಾಮಾನ್ಯ ಪರಿಹಾರ.

ಬೋಲ್ಟಿನ ದಿಕ್ಕನ್ನು ಸುರಂಗದ ಆಕಾರಕ್ಕಿಂತ ಬಿರುಕುಗಳ ದಿಕ್ಕು ನಿರ್ಧರಿಸಬೇಕು. ಪದರಗಳಿಗೆ ಸಮಾನಾಂತರವಾಗಿ ಹೋದ ಬೋಲ್ಟ್ ಎರಡು ಪದರಗಳ ನಡುವೆ ಸುಮ್ಮನೆ ಮಲಗಿರುತ್ತದೆ, ಯಾವುದನ್ನೂ ಹೊಲಿಯುವುದಿಲ್ಲ. ಸಾಧ್ಯವಾದಷ್ಟು ಹೆಚ್ಚು ಬಿರುಕುಗಳನ್ನು ಅಡ್ಡಹಾಯುವಂತೆ ಕೋನವನ್ನು ಆರಿಸಿಕೊಳ್ಳಬೇಕು. ದೊಡ್ಡ ಬೆಣೆಯೊಂದು ಗುರುತು ಸಿಕ್ಕರೆ, ನಿಗದಿತ ಮಾದರಿಯ ಬೋಲ್ಟುಗಳ ಜೊತೆಗೆ ಅದಕ್ಕೆಂದೇ ಬೇರೆ ಬೋಲ್ಟುಗಳನ್ನು ಲೆಕ್ಕಹಾಕಿ ಹಾಕಬೇಕು. ಬೆಣೆಯ ಅಂಚಿನಲ್ಲಿ ಹಾಕಿದ ಬೋಲ್ಟ್ ಬೆಣೆಯ ಒಳಗೆ ಗೇಣುದ್ದ ಮಾತ್ರ ಇರುವುದರಿಂದ ಅಲ್ಲಿ ಪ್ಲೇಟೂ ನಟ್ಟೂ ಗಟ್ಟಿಯಾಗಿರದಿದ್ದರೆ ಬೆಣೆ ಬೋಲ್ಟಿನಿಂದ ಕಳಚಿಕೊಂಡು ಬೀಳುತ್ತದೆ.

ರಂಧ್ರ ಕೊರೆಯುವುದು

ಬೋಲ್ಟುಗಳ ಗುಣಮಟ್ಟವನ್ನು ಎಲ್ಲರೂ ಪರೀಕ್ಷಿಸುತ್ತಾರೆ, ರಂಧ್ರವನ್ನು ಪರೀಕ್ಷಿಸುವವರು ಕಡಿಮೆ. ಆದರೆ ಹಿಡಿತ ಹುಟ್ಟುವುದೂ ಹಾಳಾಗುವುದೂ ರಂಧ್ರದಲ್ಲೇ. ಮೊದಲನೆಯದು ವ್ಯಾಸ. 39 ಮಿ.ಮೀ. ಸ್ಪ್ಲಿಟ್ ಸೆಟ್ಟಿಗೆ ಸಾಮಾನ್ಯವಾಗಿ 35ರಿಂದ 38 ಮಿ.ಮೀ. ರಂಧ್ರ ಬೇಕು; ಡ್ರಿಲ್ಲಿನ ತುದಿಗೆ ಹಾಕುವ ಹೊಸ ಬಿಟ್‌ನಿಂದ ಕೊರೆದ ರಂಧ್ರ ದೊಡ್ಡದಾಗಿರುತ್ತದೆ, ಬಿಟ್ ಸವೆದಂತೆ ಕಿರಿದಾಗುತ್ತ ಹೋಗುತ್ತದೆ. ಮೆದು ಬಂಡೆಯಲ್ಲಿ ಬಿಟ್ ತನ್ನ ಅಳತೆಗಿಂತ ದೊಡ್ಡ ರಂಧ್ರವನ್ನೇ ಮಾಡುತ್ತದೆ. ಬೋಲ್ಟ್ ಸರಾಗವಾಗಿ ಒಳಗೆ ಹೋಯಿತೆಂದರೆ ಕೆಲಸ ಚೆನ್ನಾಗಿ ಆಯಿತೆಂದು ಸಂತೋಷಪಡುವವರಿದ್ದಾರೆ. ಘರ್ಷಣೆಯ ಬೋಲ್ಟಿನ ವಿಷಯದಲ್ಲಿ ಅದು ಕೆಟ್ಟ ಸುದ್ದಿ, ಏಕೆಂದರೆ ಒಳಹೋಗಲು ಅಡ್ಡಿಪಡಿಸುವ ಘರ್ಷಣೆಯೇ ಮುಂದೆ ಹೊರಬರದಂತೆ ತಡೆಯುವ ಘರ್ಷಣೆ. ಪ್ರತಿ ಪಾಳಿಯ ಆರಂಭದಲ್ಲಿ ಬಿಟ್ಟಿನ ವ್ಯಾಸವನ್ನು ಗೇಜಿನಲ್ಲಿ ಅಳೆದು ಬರೆದಿಡಬೇಕು.

ಎರಡನೆಯದು ಆಳ. ಸ್ಪ್ಲಿಟ್ ಸೆಟ್ಟಿಗೆ ರಂಧ್ರವು ಬೋಲ್ಟಿಗಿಂತ ಸ್ವಲ್ಪ ಉದ್ದವಿರಬೇಕು. ಇಲ್ಲವಾದರೆ ತುದಿ ಬಂಡೆಗೆ ತಾಗಿ ನಿಂತು, ಪ್ಲೇಟ್ ಚಾವಣಿಗೆ ತಾಗದೆ ಉಳಿಯುತ್ತದೆ. ರೆಸಿನ್ ಬೋಲ್ಟಿಗೆ ಇದಕ್ಕೆ ವಿರುದ್ಧ: ರಂಧ್ರ ಅತಿ ಉದ್ದವಾದರೆ ರೆಸಿನ್ ತುದಿಯ ಖಾಲಿ ಜಾಗದಲ್ಲಿ ಉಳಿದು ಸರಳಿನ ಸುತ್ತ ಕೊರತೆಯಾಗುತ್ತದೆ. ಕೊರೆಯುವ ಸರಳಿನ ಮೇಲೆ ಗುರುತು ಹಾಕಿಕೊಂಡರೆ ಈ ತಪ್ಪು ಆಗುವುದಿಲ್ಲ. ನೀರು ಬಿಟ್ಟುಕೊಂಡೇ ಕೊರೆಯಬೇಕು, ಕೊರೆದಾದ ಮೇಲೆ ಒಳಗಿನ ಕೆಸರನ್ನು ಪೂರ್ತಿ ತೊಳೆದು ಹೊರತೆಗೆಯಬೇಕು. ಗೋಡೆಗೆ ಮೆತ್ತಿದ ಕೆಸರು ರೆಸಿನ್ನಿಗೂ ಬಂಡೆಗೂ ನಡುವೆ ಉಳಿದುಬಿಡುತ್ತದೆ, ಮತ್ತು ನೀರಿಲ್ಲದೆ ಕೊರೆದರೆ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಹೋಗುತ್ತದೆ. ಕೊರೆಯುವಾಗ ನೀರು ಇದ್ದಕ್ಕಿದ್ದಂತೆ ಹಿಂದಿರುಗದೆ ಹೋದರೆ ಅಥವಾ ಡ್ರಿಲ್ ಒಮ್ಮೆಗೇ ಮುಂದಕ್ಕೆ ಜಿಗಿದರೆ ಒಳಗೆ ತೆರೆದ ಬಿರುಕಿದೆ ಎಂದು ತಿಳಿದು, ಅದರ ಆಳವನ್ನು ಗುರುತಿಸಿಕೊಂಡು ಮೇಲಿನವರಿಗೆ ತಿಳಿಸಬೇಕು. ಸಡಿಲ ಭಾಗದ ದಪ್ಪವನ್ನು ಇದಕ್ಕಿಂತ ಅಗ್ಗವಾಗಿ ಅಳೆಯುವ ವಿಧಾನವಿಲ್ಲ.

ರೆಸಿನ್ ಬೋಲ್ಟ್ ಹಾಕುವ ಕ್ರಮ

ಮೊದಲು ರೆಸಿನ್ನಿನ ಪ್ರಮಾಣ. 28 ಮಿ.ಮೀ. ರಂಧ್ರದಲ್ಲಿ 22 ಮಿ.ಮೀ. ಸರಳು ಇಟ್ಟರೆ ಸುತ್ತ 3 ಮಿ.ಮೀ. ಜಾಗ ಉಳಿಯುತ್ತದೆ, ಅದರ ಅಡ್ಡಕೊಯ್ತ ಸುಮಾರು 236 ಚದರ ಮಿ.ಮೀ. ರೆಸಿನ್ನನ್ನೂ ಗಟ್ಟಿಕಾರಕವನ್ನೂ ಬೇರೆಬೇರೆಯಾಗಿ ತುಂಬಿದ ಪ್ಲಾಸ್ಟಿಕ್ ಕೊಳವೆಯೇ ಕ್ಯಾಪ್ಸೂಲ್; 24 ಮಿ.ಮೀ. ವ್ಯಾಸದ ಕ್ಯಾಪ್ಸೂಲಿನ ಅಡ್ಡಕೊಯ್ತ 452 ಚದರ ಮಿ.ಮೀ. ಆದ್ದರಿಂದ 2.4 ಮೀಟರ್ ಸರಳಿಗೆ ಸುಮಾರು 1.25 ಮೀಟರ್ ಉದ್ದದ ಕ್ಯಾಪ್ಸೂಲುಗಳು ಬೇಕು, ಬಿರುಕುಗಳಿಗೆ ಹೋಗುವುದನ್ನು ಸೇರಿಸಿ 1.4 ಮೀಟರ್ ಎನ್ನಬಹುದು. ಇದೇ ಸರಳಿಗೆ ಯಾರಾದರೂ 32 ಮಿ.ಮೀ. ಬಿಟ್ ಬಳಸಿದರೆ ನಾಲ್ಕೇ ಮಿಲಿಮೀಟರಿನ ವ್ಯತ್ಯಾಸಕ್ಕೆ ರೆಸಿನ್ನಿನ ಅಗತ್ಯ 2.25 ಮೀಟರಿಗೆ ಏರುತ್ತದೆ. ಹಳೆಯ ಲೆಕ್ಕದಷ್ಟೇ ಕ್ಯಾಪ್ಸೂಲ್ ಹಾಕಿದರೆ ಸರಳಿನ ಹೆಚ್ಚುಕಡಿಮೆ ಅರ್ಧಭಾಗ ಬೆತ್ತಲೆಯಾಗಿ ಉಳಿಯುತ್ತದೆ. ಜಾಗ ಹೆಚ್ಚಾದಾಗ ಇನ್ನೊಂದು ಕೇಡೂ ಇದೆ: ಕ್ಯಾಪ್ಸೂಲಿನ ಪ್ಲಾಸ್ಟಿಕ್ ಹರಿದು ಚೂರಾಗದೆ ಸರಳಿಗೆ ಕೈಗವಸಿನಂತೆ ಸುತ್ತಿಕೊಂಡು, ರೆಸಿನ್ ಸರಳನ್ನು ಮುಟ್ಟುವುದೇ ಇಲ್ಲ.

ಬೇಗ ಗಟ್ಟಿಯಾಗುವ ಕ್ಯಾಪ್ಸೂಲನ್ನು ಮೊದಲು ತೂರಿಸಿ ರಂಧ್ರದ ತುದಿಗೆ ತಳ್ಳಬೇಕು, ನಿಧಾನವಾಗಿ ಗಟ್ಟಿಯಾಗುವವು ಅದರ ಹಿಂದೆ ಬರಬೇಕು. ಸರಳನ್ನು ತಿರುಗಿಸುತ್ತಲೇ ಒಳಕ್ಕೆ ನೂಕುತ್ತ, ತುದಿ ತಲುಪಿದ ಮೇಲೆ ಕ್ಯಾಪ್ಸೂಲಿನ ಪೆಟ್ಟಿಗೆಯ ಮೇಲೆ ತಯಾರಕರು ಬರೆದಷ್ಟೇ ಸೆಕೆಂಡು ತಿರುಗಿಸಿ ನಿಲ್ಲಿಸಬೇಕು. ಕಡಿಮೆ ತಿರುಗಿಸಿದರೆ ರೆಸಿನ್ನೂ ಗಟ್ಟಿಕಾರಕವೂ ಬೆರೆಯುವುದಿಲ್ಲ. ಹೆಚ್ಚು ತಿರುಗಿಸುವುದು ಅದಕ್ಕಿಂತ ಕೆಟ್ಟದ್ದು. ಗಟ್ಟಿಯಾಗತೊಡಗಿದ ರೆಸಿನ್ ಒಡೆದು ಪುಡಿಯಾಗುತ್ತದೆ, ಮತ್ತೆ ಅಂಟುವುದಿಲ್ಲ. ನಿಲ್ಲಿಸಿದ ಮೇಲೆ ಹೇಳಿದಷ್ಟು ಹೊತ್ತು ಸರಳನ್ನು ಅಲುಗಾಡದಂತೆ ಒತ್ತಿಹಿಡಿದು, ತುದಿಯ ರೆಸಿನ್ ಗಟ್ಟಿಯಾದ ನಂತರ ನಟ್ ಬಿಗಿಯಬೇಕು. ಹಿಂದಿನ ರೆಸಿನ್ ಆಗ ಇನ್ನೂ ಮೆದುವಾಗಿರುವುದರಿಂದ ಸರಳು ಎಳೆತದಲ್ಲಿ ನಿಲ್ಲುತ್ತದೆ, ಆಮೇಲೆ ಉಳಿದದ್ದೂ ಗಟ್ಟಿಯಾಗಿ ಆ ಎಳೆತವನ್ನು ಹಾಗೇ ಹಿಡಿದಿಡುತ್ತದೆ. ರೆಸಿನ್ ಬಿಸಿಯಲ್ಲಿ ಬೇಗ, ತಂಪಿನಲ್ಲಿ ತಡವಾಗಿ ಗಟ್ಟಿಯಾಗುತ್ತದೆ; ಬಿಸಿಲಿನಲ್ಲಿಟ್ಟ ಅಥವಾ ಅವಧಿ ಮುಗಿದ ಪೆಟ್ಟಿಗೆಯನ್ನು ಗಣಿಗೆ ಇಳಿಸಲೇಬಾರದು.

ಸಿಮೆಂಟಿನಲ್ಲಿ ಹೂಳುವುದಾದರೆ ಎಲ್ಲವೂ ನೀರಿನ ಪ್ರಮಾಣದ ಮೇಲೆ ನಿಂತಿದೆ. ತೂಕದಲ್ಲಿ ಸಿಮೆಂಟಿನ 0.35ರಿಂದ 0.4ರಷ್ಟು ನೀರು ಸರಿ. ಪಂಪಿಗೆ ಸುಲಭವಾಗಲೆಂದು ನೀರು ಸುರಿದರೆ ಗ್ರೌಟ್ ತಿಳಿಯಾಗಿ, ನೀರು ಬೇರ್ಪಟ್ಟು, ಹಿಡಿತ ಬಹಳ ಕುಸಿಯುತ್ತದೆ. ಕೊಳವೆಯನ್ನು ರಂಧ್ರದ ತುದಿಯವರೆಗೆ ತೂರಿಸಿ, ಮಂದವಾದ ಗ್ರೌಟ್ ಅದನ್ನು ತಾನಾಗಿ ಹಿಂದಕ್ಕೆ ತಳ್ಳುವಂತೆ ತುಂಬುತ್ತ ಬಂದರೆ ನಡುವೆ ಗಾಳಿ ಉಳಿಯುವುದಿಲ್ಲ.

ಪ್ಲೇಟ್, ಜಾಲರಿ, ಶಾಟ್‌ಕ್ರೀಟ್

ಪ್ಲೇಟ್ ಬಂಡೆಗೆ ಸಮವಾಗಿ ಕೂರಬೇಕು. ರಂಧ್ರ ಓರೆಯಾಗಿದ್ದರೆ ಗೋಳಾಕಾರದ ವಾಷರ್ ಬಳಸಬೇಕು; ಒಂದೇ ಅಂಚಿನ ಮೇಲೆ ನಿಂತ ಪ್ಲೇಟ್ ಸರಳಿನಲ್ಲಿ ನಟ್ ಕೂರುವ ತಿರುಪುಮರೆಯನ್ನು ಬಗ್ಗಿಸಿ ಅಲ್ಲೇ ಮುರಿಯುವಂತೆ ಮಾಡುತ್ತದೆ. ಜಾಲರಿಯನ್ನು ಬಂಡೆಗೆ ತಾಗುವಂತೆ ಒತ್ತಿ ಪ್ಲೇಟಿನ ಕೆಳಗೆ ಸಿಕ್ಕಿಸಬೇಕು, ಹಾಳೆಗಳು ಒಂದರ ಮೇಲೊಂದು ಕೆಲವು ಕಣ್ಣುಗಳಷ್ಟಾದರೂ ಹೊದ್ದಿರಬೇಕು, ಮತ್ತು ಆ ಹೊದಿಕೆಯ ಸಾಲಿನಲ್ಲೇ ಬೋಲ್ಟುಗಳು ಬರಬೇಕು. ಶಾಟ್‌ಕ್ರೀಟಿನ ಗುಣವಿರುವುದು ಬಂಡೆಗೆ ಅಂಟುವುದರಲ್ಲಿ. ಮೊದಲ ಚಿಕ್ಕ ಕಲ್ಲು ಕಳಚದಂತೆ ತಡೆದರೆ ಅದರ ಮೇಲಿನ ದೊಡ್ಡದೂ ನಿಲ್ಲುತ್ತದೆ. ಧೂಳಿನ ಮೇಲೆ ಸಿಂಪಡಿಸಿದ ಶಾಟ್‌ಕ್ರೀಟ್ ತಾನೇ ಒಂದು ಹೊಸ ಸಡಿಲ ಪದರವಾಗುತ್ತದೆ. ನೀರು ಜಿನುಗುವಲ್ಲಿ ಹೊರಹರಿಯಲು ರಂಧ್ರಗಳನ್ನು ಬಿಡಬೇಕು. ಹಸಿ ಶಾಟ್‌ಕ್ರೀಟಿನ ಕೆಳಗೆ ಯಾರೂ ಹೋಗಬಾರದು. ಅದರ ಬಲ 1 ಮೆಗಾಪಾಸ್ಕಲ್ ಮುಟ್ಟುವವರೆಗೆ ಕಾಯುವುದು ಅನೇಕ ಗಣಿಗಳ ನಿಯಮ.

ಎಳೆದು ನೋಡುವುದು, ಕಾದು ನೋಡುವುದು

ಹಾಕಿದ ಬೋಲ್ಟುಗಳಲ್ಲಿ ಕೆಲವನ್ನು ಮೊದಲೇ ನಿರ್ಧರಿಸಿದ ಪ್ರಮಾಣದಲ್ಲಿ ಆರಿಸಿ, ನಡುವೆ ತೂತಿರುವ ಹೈಡ್ರಾಲಿಕ್ ಜ್ಯಾಕಿನಿಂದ ಎಳೆದು, ಎಳೆತವನ್ನೂ ಸರಿದ ದೂರವನ್ನೂ ಬರೆದುಕೊಳ್ಳಬೇಕು. ಎಳೆಯುವಾಗ ಬೋಲ್ಟಿನ ನೇರಕ್ಕೆ ಯಾರೂ ನಿಲ್ಲಬಾರದು. ಘರ್ಷಣೆಯ ಬೋಲ್ಟಿಗೂ ಶೆಲ್ ಬೋಲ್ಟಿಗೂ ಈ ಪರೀಕ್ಷೆ ನೇರ ಉತ್ತರ ಕೊಡುತ್ತದೆ. ಪೂರ್ತಿ ಹೂತ ಬೋಲ್ಟಿನ ವಿಷಯದಲ್ಲಿ ಇದು ಮೋಸ ಮಾಡಬಲ್ಲದು: ರಂಧ್ರದ ಬಾಯಿಯ ಬಳಿ ಕೆಲವೇ ಗೇಣು ರೆಸಿನ್ ಚೆನ್ನಾಗಿದ್ದರೂ ಅಷ್ಟೇ ಇಡೀ ಎಳೆತವನ್ನು ತಡೆದು, ಒಳಗಿನ ಖಾಲಿ ಜಾಗವನ್ನು ಮುಚ್ಚಿಡುತ್ತದೆ. ಆದ್ದರಿಂದ ಪರೀಕ್ಷೆಗೆಂದೇ ತುದಿಯಲ್ಲಿ ಅಳತೆಯ ಚಿಕ್ಕ ಭಾಗಕ್ಕೆ ಮಾತ್ರ ರೆಸಿನ್ ಹಾಕಿದ ಬೋಲ್ಟುಗಳನ್ನು ಎಳೆದು ಮೀಟರಿಗೆ ಎಷ್ಟು ಹಿಡಿತ ಎಂದು ಕಂಡುಕೊಳ್ಳಬೇಕು. ಎಲ್ಲ ಬೋಲ್ಟುಗಳೂ ಪರೀಕ್ಷೆಯಲ್ಲಿ ಪಾಸಾದವೆಂಬ ವರದಿ ತಿಂಗಳುಗಟ್ಟಲೆ ಬರುತ್ತಿದ್ದರೆ, ಆ ಬೋಲ್ಟುಗಳನ್ನು ಆರಿಸುತ್ತಿರುವವರು ಯಾರು ಎಂದು ಕೇಳುವುದು ಒಳ್ಳೆಯದು.

ಆಮೇಲಿನ ದಿನಗಳಲ್ಲಿ ಬಂಡೆ ತಾನೇ ಮಾತಾಡುತ್ತದೆ. ಬಟ್ಟಲಿನಂತಿದ್ದ ಪ್ಲೇಟು ಚಪ್ಪಟೆಯಾಗುವುದು ಅಥವಾ ಒಳಮುಖವಾಗಿ ತಿರುಚಿಕೊಳ್ಳುವುದು, ಜಾಲರಿಯಲ್ಲಿ ಕಲ್ಲು ಚೀಲದಂತೆ ತುಂಬಿಕೊಳ್ಳುವುದು, ಶಾಟ್‌ಕ್ರೀಟಿನಲ್ಲಿ ಹೊಸ ಸೀಳು, ಒಣಗಿದ್ದ ಜಾಗದಲ್ಲಿ ಹನಿ, ಬಂಡೆಯೊಳಗಿನಿಂದ ಚಟಚಟ ಸದ್ದು, ಇವು ಆಧಾರದ ಮೇಲೆ ಭಾರ ಬರುತ್ತಿರುವ ಲಕ್ಷಣಗಳು. ಚಾವಣಿಯ ಆಳದಲ್ಲಿ ನೆಟ್ಟ ತಂತಿಯ ಚಲನೆಯನ್ನು ಬಣ್ಣದ ಪಟ್ಟಿಗಳಲ್ಲಿ ತೋರಿಸುವ ಟೆಲ್‌ಟೇಲ್ ಸಾಧನ, ಎದುರುಬದುರು ಗೋಡೆಗಳ ನಡುವಿನ ದೂರದ ಅಳತೆ, ಬಂಡೆಯೊಳಗಿನ ಸರಿತವನ್ನು ಅಳೆಯುವ ಎಕ್ಸ್‌ಟೆನ್ಸೋಮೀಟರ್ ಇವು ಅದನ್ನೇ ಅಂಕಿಯಲ್ಲಿ ಹೇಳುತ್ತವೆ. ಒಟ್ಟು ಎಷ್ಟು ಸರಿದಿದೆ ಎಂಬುದಕ್ಕಿಂತ ಸರಿಯುವ ವೇಗ ದಿನದಿಂದ ದಿನಕ್ಕೆ ಏರುತ್ತಿದೆಯೇ ಎಂಬುದನ್ನು ನೋಡಬೇಕು. ಕೊರೆದ ಮೇಲೆ ಸ್ವಲ್ಪ ಸರಿದು ನಿಧಾನವಾಗಿ ನಿಲ್ಲುವುದು ಸಹಜ, ನಿಂತದ್ದು ಮತ್ತೆ ವೇಗ ಹೆಚ್ಚಿಸಿಕೊಂಡರೆ ಜನರನ್ನು ಹೊರಕ್ಕೆ ಕಳಿಸಿ ದಾರಿಗೆ ಅಡ್ಡಗಟ್ಟಿದ ಮೇಲೆಯೇ ಉಳಿದ ಚರ್ಚೆ.

ಹಳೆಯ ದಾರಿಗಳಲ್ಲಿ ತುಕ್ಕು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಗಂಧಕದ ಖನಿಜಗಳಿರುವ ಗಣಿಯ ಆಮ್ಲೀಯ ನೀರು ತೆಳುಗೋಡೆಯ ಕೊಳವೆಯನ್ನು ರಂಧ್ರದೊಳಗೇ ತಿಂದುಹಾಕಬಹುದು, ಹೊರಗೆ ಪ್ಲೇಟ್ ಮಾತ್ರ ಹೊಳೆಯುತ್ತಿರುತ್ತದೆ. ಇಂಥ ದಾರಿಯನ್ನು ಮತ್ತೆ ಬಳಕೆಗೆ ತರುವಾಗ ಹಳೆಯ ಬೋಲ್ಟುಗಳು ಇವೆ ಎಂದು ಎಣಿಸದೆ, ಕೆಲವನ್ನು ಎಳೆದು ನೋಡಿ, ಹಿಡಿತ ಸಾಲದಿದ್ದರೆ ಅವುಗಳ ನಡುವಿನ ಜಾಗದಲ್ಲಿ ಹೊಸ ರಂಧ್ರ ಕೊರೆದು, ಗ್ರೌಟಿನಲ್ಲಿ ಹೂತ ಬೋಲ್ಟುಗಳನ್ನು ಹಾಕುತ್ತ, ಹೊಸದಾಗಿ ಭದ್ರಪಡಿಸಿದ ಸಾಲಿನ ಕೆಳಗೆ ನಿಂತುಕೊಂಡೇ ಮುಂದಿನ ಸಾಲಿಗೆ ಹೋಗಬೇಕು.